ಹಿಮದ ಕಡೆಯವರು ಬಂದರು

ಭೂಮಿಯ ಮೇಲೆ ಈಗ ಹಿಮ ಉಳಿದಿರುವುದು ನಾಲ್ಕೈದು ಬೆಟ್ಟಗಳಲ್ಲಿ ಮಾತ್ರ. ಹಾಗಾಗಿ ಚಳಿಗಾಲದ ರಜೆಗೆಂದು ನಾವು ಸ್ಕೀ ರಿಸಾರ್ಟ್ ನೋಡಲು ಹೋಗುವುದಿಲ್ಲ. ರಿಸಾರ್ಟಿನವರೇ ನಮ್ಮನ್ನು ನೋಡಲು ಬರುತ್ತಾರೆ.

ಭಾನುವಾರ ಒಂದು ಐಷಾರಾಮಿ ರಿಸಾರ್ಟಿನಿಂದ ಕೋಟು ತೊಟ್ಟ ಗಂಡ ಹೆಂಡತಿ ಮೈಸೂರಿನ ನಮ್ಮ ಮನೆಗೆ ಬಂದರು. ಉಪ್ಪಿಟ್ಟು, ಕೇಸರಿಬಾತ್ ಕೊಟ್ಟೆ. ಬಿಸಿಬಿಸಿ ಕೊಟ್ಟರೆ ನಮ್ಮ ಮನೆತನದ ಬಗ್ಗೆ ಏನಂದುಕೊಂಡಾರೋ ಎಂದು ತಣ್ಣಗಾದ ಮೇಲೆಯೇ ಕೊಟ್ಟೆ.

"ಸ್ವಲ್ಪ ಬಾಗಿಲವರೆಗೂ ನಡೆದು ತೋರಿಸ್ತೀರಾ?" ಎಂದು ಆಕೆ ನಮ್ಮ ಯಜಮಾನರನ್ನು ಕೇಳಿದರು. ಇವರು ತಲೆ ತಗ್ಗಿಸಿಕೊಂಡು ನಡೆದರು.

"ಹೆಜ್ಜೆ ಹಗುರವಾಗಿದೆ," ಎಂದು ಆತ ಮೆಚ್ಚಿಕೊಂಡರು.

ಆಮೇಲೆ ಫ್ಲಾಸ್ಕಿನಿಂದ ಹಿಮ ತೆಗೆದು ನಮ್ಮ ಅಂಗೈಗೆ ಒಂದೊಂದು ಚಮಚ ಹಾಕಿದರು. ಹಿಮವನ್ನು ಬೇಗ ಕರಗಿಸುವ ಬಿಸಿ ಮೈಯವರನ್ನು ಬೆಟ್ಟಕ್ಕೆ ಬಿಡುವುದಿಲ್ಲ. ಬೆಳಗಿನಿಂದ ಫ್ರಿಜ್ಜಿನೊಳಗೆ ಕೈಯಿಟ್ಟು ಕುಳಿತಿದ್ದ ನಾವಿಬ್ಬರೂ ಪಾಸಾದೆವು.

ಉಳಿದವರು ನಮ್ಮತ್ತೆ ಗಿರಿಜಮ್ಮ. ಅವರು ಕೈಗೆ ಬಿದ್ದ ಹಿಮವನ್ನು ಸೀದಾ ಬಾಯಿಗೆ ಹಾಕಿಕೊಂಡು ಚಪ್ಪರಿಸಿದರು.

"ಇದು ಬೆಟ್ಟದ್ದಲ್ಲ, ಫ್ರಿಜ್ಜಿಂದು. ನಿನ್ನೆ ಮಾಡಿದ ಹುಳಿಯ ವಾಸನೆ ಹೊಡೀತಿದೆ."

ಬಂದವರಿಬ್ಬರೂ ತಟ್ಟೆಯಲ್ಲಿದ್ದ ಉಪ್ಪಿಟ್ಟನ್ನೇ ನೋಡುತ್ತ ಕುಳಿತರು.

"ಆಗಲಿ," ಎಂದು ಅತ್ತೆ ಕೈ ಮುಗಿದರು. "ಮನೇಲಿ ಮಾತಾಡ್ಕೊಂಡು ತಿಳಿಸ್ತೀವಿ."

ಅವರು ಗೇಟು ದಾಟಿದ್ದೇ ತಡ, ಅತ್ತೆ ನಮ್ಮ ಕಡೆ ತಿರುಗಿದರು.

"ಕೇಸರಿಬಾತ್ ಮಿಕ್ಕಿದೆ ತಾನೇ? ಸಂಜೆ ಇನ್ನೊಂದು ಬೆಟ್ಟದವರು ಬರ್ತಾರೆ. ಏಳಿ, ಇಬ್ರೂ ಹೋಗಿ ಫ್ರಿಜ್ಜಲ್ಲಿ ಕೈ ಇಡಿ."