ಥರ್ಮಾಕೋಲ್ ಗುಡಿ

ಹೂವಿನ ಟೆಂಪೊ ಹೊಲದ ಬದಿಯಲ್ಲೇ ನಿಂತಿತ್ತು. ಕುಮಾರೇಶ್ ಇರಲಿಲ್ಲ.

ರಾಮಕೃಷ್ಣಪ್ಪ ಟೆಂಪೊದ ಒಳಗೂ ಇಣುಕಿ ನೋಡಿದ. ಮನೆಯಲ್ಲಿ ಮಗಳು ಚಂದ್ರಲೇಖಾ ಕೂಡ ಇರಲಿಲ್ಲ. ಅವಳ ಫೋನು ಬೆಳಗಿನಿಂದ ಸ್ವಿಚ್ ಆಫ್. ಇಬ್ಬರೂ ಒಟ್ಟಿಗೆ ಹೋಗಿದ್ದಾರೆಂದು ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ. ತಮಿಳುನಾಡಿನ ಗಡಿಯ ಕೆಲಮಂಗಲದ ಸುತ್ತಮುತ್ತ ರಾಮಕೃಷ್ಣಪ್ಪನ ಗುಲಾಬಿಗೆ ಹೆಸರಿದೆ. ಆ ಗುಲಾಬಿಯನ್ನು ಹೊಸೂರಿಗೆ ಸಾಗಿಸುವ ಡ್ರೈವರ್ ಕುಮಾರೇಶ್. ಅವನ ತಾಯಿ ಮುನಿವೆಂಕಟಮ್ಮ ಅದೇ ತೋಟದಲ್ಲಿ ಹೂ ಕೊಯ್ಯುವ ಕೂಲಿಯವಳು.

ಚಂದ್ರಲೇಖಾಳನ್ನು ಸೋದರಮಾವ ಉಮಾಶಂಕರನಿಗೆ ಕೊಡುವುದೆಂದು ಮಾತಾಗಿತ್ತು. ಸುದ್ದಿ ಕಿವಿಗೆ ಬಿದ್ದದ್ದೇ ಅವನು ಜೀಪಿನ ಸೀಟಿನ ಕೆಳಗೆ ಮಚ್ಚು ಇಟ್ಟುಕೊಂಡು ಬಂದಿದ್ದ.

"ಆ ನನ್ಮಗ ತಾಳಿ ಕಟ್ಟೋದನ್ನ ನಾನು ಕೈಕಟ್ಕೊಂಡು ನೋಡ್ತೀನಾ ಬಾವ? ಸಿಕ್ಕಿದ್ ಜಾಗದಲ್ಲೇ ಇಬ್ರುನ್ನೂ ಮುಗಿಸ್ಬುಡ್ತೀನಿ."

ಉಮಾಶಂಕರ್ ಬರೀ ಬಾಯಿಮಾತಿನವನಲ್ಲ. ಇಬ್ಬರ ಬಗ್ಗೆ ಊರಲ್ಲಿ ಗುಸುಗುಸು ಇದ್ದುದರಿಂದ ನಿನ್ನೆಯವರೆಗೆ ರಾಮಕೃಷ್ಣಪ್ಪನಿಗೆ ಮಾನ ಹೋದೀತೆಂಬ ಭಯವಿತ್ತು. ಇವತ್ತು ಮಗಳ ಕತ್ತು ಬಿಟ್ಟರೆ ಬೇರೇನೂ ಕಣ್ಣಿಗೆ ಕಟ್ಟುತ್ತಿರಲಿಲ್ಲ. ಹೇಗಾದರೂ ಮಾಡಿ ಅವಳು ಮೊದಲು ತನ್ನ ಕೈಗೆ ಸಿಗಬೇಕು.

ಆದರೆ ಉಮಾಶಂಕರ್ ಚುರುಕು. ಊರೂರಿನ ದೇವಸ್ಥಾನಕ್ಕೂ ಕಾವಲು ಹಾಕಿಸಿದ್ದ, ಅಂಚೆಟ್ಟಿ ಕಾಡಿನ ಗುಡಿಯನ್ನೂ ಬಿಟ್ಟಿರಲಿಲ್ಲ. ರಿಜಿಸ್ಟ್ರಾರ್ ಕಚೇರಿಯ ಬಾಗಿಲಲ್ಲೂ ಅವನ ಆಳುಗಳು. ತಾಳಿ ಕಟ್ಟುವ ಜಾಗ ಒಂದೂ ಉಳಿದಿಲ್ಲವೆಂದು ಮೀಸೆ ತಿರುವಿದ.

ಇಷ್ಟೆಲ್ಲ ಮಾತು ನಡೆದದ್ದು ರಾಮಕೃಷ್ಣಪ್ಪನ ಹೊಲದಲ್ಲೇ. ಅಲ್ಲಿ ಕೆಲವು ದಿನಗಳಿಂದ ಹಿಂದಿ ಸಿನಿಮಾದ ಶೂಟಿಂಗ್. ಕತೆಯಲ್ಲಿ ಸಾಹುಕಾರನ ಮಗಳು, ಕಾರು ಡ್ರೈವರು, ಮಾತಿಗೊಂದು ಹಾಡು. ಹೊಲದ ನಡುವೆ ಥರ್ಮಾಕೋಲಿನ ಗುಡಿ ಎದ್ದಿತ್ತು. ಕೊನೆಯ ಹಾಡಿನಲ್ಲಿ ಹುಡುಗಿಯ ಅಪ್ಪ ಒಪ್ಪಿ ಅಕ್ಷತೆ ಹಾಕುತ್ತಾನಂತೆ. ಹಿಂದಿ ಸಿನಿಮಾದ ಅಪ್ಪಂದಿರಿಗೆ ಬೇರೆ ಕೆಲಸವೇನು ಎಂದು ರಾಮಕೃಷ್ಣಪ್ಪ ಮೊನ್ನೆ ಹೊಟ್ಟೆ ಹಿಡಿದು ನಕ್ಕಿದ್ದ.

ಇವತ್ತು ಅದೇ ಹಾಡು. ಹೀರೊ, ಹೀರೋಯಿನ್ ಮುಂಬಯಿಯಿಂದ ಬರುವುದು ನಾಳೆ. ದೂರದಿಂದ ತೆಗೆಯುವ ಶಾಟಿಗೆ ಊರಿನದೇ ಜೋಡಿಗೆ ವೇಷ ಹಾಕಿ ಕೂರಿಸಿದ್ದರು. ಹುಡುಗಿಗೆ ಎದೆಯವರೆಗೆ ಇಳಿದ ಕೆಂಪು ಮುಸುಕು. ಹುಡುಗನ ಪೇಟದಿಂದ ಮುಖದ ಮೇಲೆ ಇಳಿಬಿದ್ದ ಗುಲಾಬಿ ಸರಗಳು. ಗುಲಾಬಿ ರಾಮಕೃಷ್ಣಪ್ಪನ ತೋಟದ್ದೇ, ಬೆಳಿಗ್ಗೆ ಕುಮಾರೇಶ್ ತಂದು ಇಳಿಸಿದ್ದು. ಹೆಣ್ಣು ಗಂಡಿನ ಮುಖ ಮುಚ್ಚಿ ಇದೆಂಥ ಮದುವೆ ಎಂದು ಉಮಾಶಂಕರ್ ಮೂಗು ಮುರಿದ.

ಮುಸುಕಿನಲ್ಲಿರುವುದು ನಾಗವೇಣಿ ಎಂದಳು ನಾರಾಯಣಮ್ಮ. ರಾಮಕೃಷ್ಣಪ್ಪನ ಹೆಂಡತಿ, ಉಮಾಶಂಕರನ ಅಕ್ಕ. ಮಗಳು ಓಡಿಹೋದ ದಿನವೂ ರೇಷ್ಮೆ ಸೀರೆ ಉಟ್ಟು ಬಂದಿದ್ದಾಳಲ್ಲ ಎಂದು ಗಂಡನಿಗೆ ಸಿಟ್ಟು. ಊರಿನವರಿಗೆ ಅನುಮಾನ ಬರಬಾರದಲ್ಲ ಎಂದಳು. ಕಣ್ಣು ಮಾತ್ರ ಅತ್ತು ಊದಿಕೊಂಡಿತ್ತು.

ನಾಗವೇಣಿ ಮಗಳ ಗೆಳತಿ. ಅವಳಿಗೆ ಗೊತ್ತಿರದೆ ಇರುತ್ತದೆಯೇ? ಉಮಾಶಂಕರ್ ಫೋನಿನಲ್ಲಿ ಮಾತಾಡುತ್ತ ಅತ್ತ ತಿರುಗಿದ್ದೇ, ರಾಮಕೃಷ್ಣಪ್ಪ ಮದುಮಗಳ ಹತ್ತಿರ ಹೋಗಿ ಬಗ್ಗಿದ. ನಾರಾಯಣಮ್ಮ ಹಿಂದೆಯೇ ಬಂದು ನಿಂತಳು.

"ನಿನ್ ಗೆಳತಿ ಎಲ್ಲವ್ಳೆ ಹೇಳ್ಬುಡಮ್ಮ. ಉಮಾನ ಕೈಗೆ ಸಿಕ್ರೆ ಉಳ್ಸಲ್ಲ. ಯಾರನ್ನಾದ್ರೂ ಕಟ್ಕೊಳ್ಲಿ. ನಂಗೆ ಅವ್ಳು ಜೀವಂತ ಇದ್ರೆ ಸಾಕು."

ಮದುಮಗಳು ಮುಸುಕನ್ನು ಇನ್ನಷ್ಟು ಕೆಳಗೆ ಎಳೆದುಕೊಂಡಳು. ಪಕ್ಕದ ಹುಡುಗನ ಗುಲಾಬಿ ಸರಗಳೂ ಅಲುಗಿದವು. ಕ್ಯಾಮೆರಾ ಕಂಡು ಹೆದರಿದ್ದಾರೆ ಪಾಪ, ಎಂದುಕೊಂಡು ಹಿಂದೆ ಸರಿದ.

ಊರಿನ ಹಿರಿಯರು ಮುಂದೆ ನಿಲ್ಲಬೇಕೆಂದು ಸಿನಿಮಾದವನೊಬ್ಬ ತಮಿಳಿನಲ್ಲಿ ಕೂಗಿದ. ನಾರಾಯಣಮ್ಮ ಗಂಡನನ್ನೂ ತಮ್ಮನನ್ನೂ ತೋರಿಸಿದಳು. ಕ್ಯಾಮೆರಾ ಎಂದದ್ದೇ ಉಮಾಶಂಕರ್ ಮೀಸೆಗೆ ಬಾಚಣಿಗೆ ತಾಗಿಸಿದ. ಗತ್ತಿನಿಂದ ಕೈಕಟ್ಟಿ ನಿಲ್ಲಿ, ತಾಳಿ ಕಟ್ಟಿದಾಗ ಅಕ್ಷತೆ ಹಾಕಿ ಎಂದರು. ಹಾಗೇ ನಿಂತ. ಮಚ್ಚು ಜೀಪಿನಲ್ಲೇ ಉಳಿಯಿತು, ಜೀಪು ದೂರದ ರಸ್ತೆಯಲ್ಲಿ. ರಾಮಕೃಷ್ಣಪ್ಪನಿಗೆ ಹೋದ ಉಸಿರು ಬಂತು. ಈ ಹಾಡು ಹೀಗೇ ಎಳೆಯಲಿ, ಅಷ್ಟರಲ್ಲಿ ಮಗಳು ಗಡಿ ದಾಟಿ ಎಲ್ಲಾದರೂ ಬದುಕಿಕೊಳ್ಳಲಿ.

ಸಿನಿಮಾದವರ ಬಣ್ಣದ ಅಕ್ಕಿ ಕೈಗೆ ಅಂಟುತ್ತದೆಂದು ನಾರಾಯಣಮ್ಮ ತನ್ನ ಸೆರಗಿನ ಗಂಟು ಬಿಚ್ಚಿ ಇಬ್ಬರಿಗೂ ಅಕ್ಷತೆ ಕೊಟ್ಟಳು.

ಹಾಡು ಶುರುವಾಯಿತು. ವಾಲಗ ಮೊಳಗಿತು. ಗುಂಪಿನಲ್ಲಿ ಮುನಿವೆಂಕಟಮ್ಮ ಕಣ್ಣೊರೆಸಿಕೊಳ್ಳುತ್ತಿದ್ದಳು, ಅವಳ ಮಗನಿಗೂ ಅದೇ ಮಚ್ಚು ತಾನೇ. ಹುಡುಗ ಅರಿಶಿನದ ದಾರ ಎತ್ತಿ ಮೂರು ಗಂಟು ಹಾಕಿದ. ಹಿಂದಿಯವರು ಕರಿಮಣಿ ಬಿಟ್ಟು ಅರಿಶಿನದ ದಾರಕ್ಕೆ ಯಾವಾಗ ಬಂದರೋ ಎಂದು ರಾಮಕೃಷ್ಣಪ್ಪನಿಗೆ ಅನ್ನಿಸುವಷ್ಟರಲ್ಲಿ ಕೈ ತಾನಾಗಿ ಅಕ್ಷತೆ ಹಾಕಿಯಾಗಿತ್ತು. ಉಮಾಶಂಕರನೂ ಹಾಕಿದ, ಕ್ಯಾಮೆರಾ ಕಡೆ ನೋಡುತ್ತ.

ಕಟ್ ಎಂದರು. ಹಾಡು ನಿಂತಿತು. ಜನ ಮಾತ್ರ ಕದಲಲಿಲ್ಲ. ಊರಿನ ಹೆಂಗಸರು ಯಾಕೋ ಉಮಾಶಂಕರನ ಸುತ್ತ ಒತ್ತೊತ್ತಾಗಿ ನಿಂತಿದ್ದರು. ಮದುಮಕ್ಕಳು ಮುಸುಕು ತೆಗೆಯದೆ ನೇರವಾಗಿ ಬಂದು ರಾಮಕೃಷ್ಣಪ್ಪನ ಕಾಲಿಗೆ ಬಿದ್ದರು. ಪಾದದ ಮೇಲೆ ಬಿಸಿ ಹನಿಗಳು ಉದುರಿದವು. ಶಾಟು ಮುಗಿಯಿತಲ್ಲಮ್ಮ, ಇನ್ನೇನು ಹೆದರಿಕೆ ಎಂದ ಅವನು.

ನಾರಾಯಣಮ್ಮ ತಮ್ಮನಿಗೆ ಅಡ್ಡವಾಗಿ ನಿಂತು ಗಂಡನ ಕಡೆ ತಿರುಗಿದಳು: "ಜೀವಂತ ಇದ್ರೆ ಸಾಕು ಅಂದ್ರಲ್ಲ, ಎಬ್ಬಿಸ್ರಿ ಮಗಳ್ನ."