ಚಂದದ ಬಾಟಲಿ

ನಲವತ್ತೊಂದು ಡಿಗ್ರಿಗೇ ಬಟ್ಟಲಿನೊಳಗೆ ನೀಲಿ ಬೆಂಕಿ ಫಕ್ಕನೆ ಹೊತ್ತಿ ಆರಿತು. ವಿನಯಾ ಉರಿ ನಿಲ್ಲಿಸಿ ಹಾಳೆಯಲ್ಲಿದ್ದ ಸ್ಯಾಂಪಲ್ಲಿನ ಹೆಸರನ್ನು ಇನ್ನೊಮ್ಮೆ ಓದಿದಳು. ದಾಸವಾಳದ ತಲೆಯೆಣ್ಣೆ, ಊರು ನಾವುಂದ. ತೆಂಗಿನೆಣ್ಣೆ ಇನ್ನೂರು ಡಿಗ್ರಿ ದಾಟದೆ ಹೊತ್ತಿಕೊಳ್ಳುವ ಜಾತಿಯದ್ದಲ್ಲ. ಕುಂದಾಪುರದ ಈ ಲ್ಯಾಬಿಗೆ ಸೇರಿ ನಾಲ್ಕು ವರ್ಷವಾಗಿತ್ತು. ತಲೆಗೆ ಹಚ್ಚುವ ಎಣ್ಣೆ ಸೀಮೆಎಣ್ಣೆಯ ಹಾಗೆ ಹೊತ್ತಿದ್ದನ್ನು ಅವಳು ಕಂಡದ್ದು ಇದೇ ಮೊದಲು.

ಎಣ್ಣೆ ತಂದಿದ್ದ ಕುಸುಮಾವತಿ ಬೆಳಿಗ್ಗೆಯಿಂದ ಹೊರಗಿನ ಬೆಂಚಿನಲ್ಲಿ ಕೂತಿದ್ದಳು. ಅವಳೂ ಸೇರಿ ಮೀನು ಮಾರಿಕೊಂಡಿದ್ದ ಆರು ಹೆಂಗಸರು ಕಾಯಿಸಿದ ಎಣ್ಣೆ ಅದು. ಮುಂಬಯಿಯ ಅಂಗಡಿಯೊಂದು ಮೊದಲ ಸಲ ನಾನೂರು ಬಾಟಲಿ ಕೇಳಿತ್ತು. ಸಂಜೆಯ ಲಾರಿಗೆ ಹಾಕಬೇಕಾದರೆ, ಇದು ಬೇಗ ಬೆಂಕಿ ಹಿಡಿಯುವ ವಸ್ತುವಲ್ಲ ಎಂದು ಲ್ಯಾಬಿನ ಹಸಿರು ಚೀಟಿ ಬೇಕು. ಅರವತ್ತು ಡಿಗ್ರಿಯೊಳಗೆ ಹೊತ್ತಿಕೊಂಡರೆ ಕೆಂಪು ಚೀಟಿ. ಕೆಂಪು ಕಂಡರೆ ಲಾರಿಯವರು ಮುಟ್ಟುವುದಿಲ್ಲ, ಅಂಗಡಿಯವರು ಇನ್ನೊಮ್ಮೆ ಕೇಳುವುದೂ ಇಲ್ಲ.

ಎಣ್ಣೆಗೆ ಏನು ಬೆರೆಸಿದಿರಿ ಎಂದು ವಿನಯಾ ಹೊರಗೆ ಬಂದು ಕೇಳಿದಳು. ದೇವರಾಣೆ ಏನೂ ಇಲ್ಲ, ತೆಂಗಿನೆಣ್ಣೆ, ದಾಸವಾಳದ ಸೊಪ್ಪು, ಮೆಂತ್ಯ ಅಷ್ಟೇ ಎಂದಳು ಕುಸುಮಾವತಿ. ವಿನಯಾ ಬಾಟಲಿಯ ಬಾಯಿ ಮೂಸಿದಳು. ಉದ್ದ ಕುತ್ತಿಗೆಯ, ಹೂವಿನ ಕೆತ್ತನೆಯ ಗಾಜಿನ ಬಾಟಲಿ.

"ಈ ಬಾಟ್ಲಿ ಎಲ್ಲಿದಕ್ಕ?"

"ತಮ್ಮ ದುಬೈಯಿಂದ ತಂದ್ ಸೆಂಟಿನ ಬಾಟ್ಲಿ ಮೇಡಂ. ಮಾರುದೆಲ್ಲ ಹೊಸ ಪ್ಲಾಸ್ಟಿಕ್ ಬಾಟ್ಲಿಯಗೆ. ಇದ್ ಲ್ಯಾಬಿಗ್ ಕೊಡುದಲ್ದಾ, ಚಂದ ಇರ್ಲಿ ಅಂದೇಳಿ. ಸೆಂಟಿನ ವಾಸ್ನಿ ಹೋಯ್ಲಿಲ್ಲ. ಬೋಟಿಗ್ ಪೇಂಟ್ ಹೊಡುಕ್ ತಂದ್ ಥಿನ್ನರ್ ಇತ್ತ್ ಮನಿಯಗೆ, ಅದ್ರಗೇ ಎರಡ್ ಸಲ ತೊಳ್ದೆ."

ವಿನಯಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಳದಲ್ಲಿ ಒಂದು ಚಮಚ ಥಿನ್ನರ್ ಉಳಿದರೂ ಸಾಕು, ಹೊತ್ತಿಕೊಳ್ಳುವುದು ಅದೇ. ಎಣ್ಣೆಯದ್ದು ಏನೂ ತಪ್ಪಿಲ್ಲ. ವಿಷಯ ತಿಳಿದದ್ದೇ ಕುಸುಮಾವತಿ ಚೀಲದಿಂದ ಮಾರುವ ಬಾಟಲಿಯೊಂದನ್ನು ತೆಗೆದಳು, ಸೀಲು ಕೂಡ ಒಡೆದಿರಲಿಲ್ಲ. ಇದರಲ್ಲೊಮ್ಮೆ ನೋಡಿ ಎಂದು ಬೇಡಿಕೊಂಡಳು. ಅರ್ಧ ಗಂಟೆಯ ಕೆಲಸ. ವಿನಯಾ ಬಾಟಲಿ ಹಿಡಿದು ಮ್ಯಾನೇಜರ್ ಅಶೋಕರ ಕೋಣೆಗೆ ಹೋದಳು.

ಅಶೋಕರು ಪೂರ್ತಿ ಕೇಳಿಸಿಕೊಂಡರು, ನಂತರ ನಿಯಮ ಹೇಳಿದರು. ಕೊಟ್ಟ ಸ್ಯಾಂಪಲ್ಲೇ ಸ್ಯಾಂಪಲ್. ಬೇರೆ ಬಾಟಲಿಯೆಂದರೆ ಬೇರೆ ಅರ್ಜಿ, ಸರದಿ ಬರಲು ಹತ್ತು ದಿನ. ಎದುರಿನ ಕುರ್ಚಿಯಲ್ಲಿ ದೊಡ್ಡ ಕಂಪನಿಯೊಂದರ ಶೈಲೇಶ್ ಆರಾಮಾಗಿ ಕಾಫಿ ಕುಡಿಯುತ್ತಿದ್ದ. ಅವನ ಕಂಪನಿಯ ಮೇಕಪ್ ತೆಗೆಯುವ ಎಣ್ಣೆ ನಿನ್ನೆ ಮೂವತ್ತೆಂಟಕ್ಕೆ ಹೊತ್ತಿತ್ತು, ಇವತ್ತು ಬೆಳಿಗ್ಗೆ ಎರಡನೇ ಸ್ಯಾಂಪಲ್ಲೂ ಮೂವತ್ತೆಂಟಕ್ಕೇ. ಅವನಿಗೆ ಯಾರೂ ಕೆಂಪು ಚೀಟಿ ಕೊಟ್ಟಿರಲಿಲ್ಲ. ಅಶೋಕರು ಮೇಜಿನ ಮೇಲಿದ್ದ ಮೂರನೇ ಸ್ಯಾಂಪಲನ್ನು ಅವಳತ್ತ ತಳ್ಳಿ, ಇದನ್ನೊಮ್ಮೆ ನೋಡಿ ಹಳೇ ಅರ್ಜಿಯ ನಂಬರಿನಲ್ಲೇ ಬರೆದುಬಿಡು ಎಂದರು.

ಹಾಗಾದರೆ ಕುಸುಮಾವತಿಯದ್ದೂ ಹಾಗೇ ನೋಡಬಹುದಲ್ಲ ಎಂದಳು ವಿನಯಾ. ಅಶೋಕರಿಗೆ ಸಿಟ್ಟೇನೂ ಬರಲಿಲ್ಲ.

"ಅವ್ರ್ ಕಾಯ್ತ್ರ್ ವಿನಯಾ. ಇವ್ರ್ ಬೇರೆ ಲ್ಯಾಬಿಗ್ ಹೋತ್ರ್."

ಮೂರನೆಯದ್ದು ಬಂದದ್ದು ಯಾರೋ ಕುಡಿದು ಬಿಸಾಡಿದ ತಂಪು ಪಾನೀಯದ ಬಾಟಲಿಯಲ್ಲಿ. ಲೇಬಲ್ ಅರ್ಧ ಹರಿದಿತ್ತು, ಮುಚ್ಚಳವಿಲ್ಲದ ಬಾಯಿಗೆ ಪ್ಲಾಸ್ಟಿಕ್ ಚೂರು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದರು. ಎಪ್ಪತ್ತೆರಡಕ್ಕೆ ಹೊತ್ತಿತು. ಮೊದಲೆರಡು ಬಾಟಲಿಯಲ್ಲಿದ್ದ ಎಣ್ಣೆ ಇದಲ್ಲ ಎನ್ನಲು ಯಂತ್ರವೇ ಬೇಕಿರಲಿಲ್ಲ, ಮೂಗು ಸಾಕಿತ್ತು. ವಿನಯಾ ಪೆನ್ನು ಎಸೆದು ಎದ್ದು ಹೋದಳು ಎಂದು ಬರೆಯಲು ನನಗೂ ಆಸೆ. ಅವಳು ಎಪ್ಪತ್ತೆರಡು ಎಂದು ಬರೆದು ಸಹಿ ಹಾಕಿದಳು. ಅದೇ ಪೆನ್ನಿನಲ್ಲಿ ಇನ್ನೊಂದು ಹಾಳೆಯ ಮೇಲೆ ನಲವತ್ತೊಂದು ಎಂದೂ ಬರೆದಳು.

ನಾಲ್ಕು ಗಂಟೆಗೆ ಕುಸುಮಾವತಿಯನ್ನು ಒಳಗೆ ಕರೆದು ಕಾಗದ ಕೊಟ್ಟಳು. ಉಳಿದ ಎಣ್ಣೆಯನ್ನೂ ವಾಪಸು ಕೊಡುವುದು ಅಲ್ಲಿಯ ಪದ್ಧತಿ. ಗಾಜಿನ ಬಾಟಲಿಯ ಹೂವಿನ ಮೇಲೆ ಈಗ ಕೆಂಪು ಚೀಟಿ ಅಂಟಿತ್ತು. ಕುಸುಮಾವತಿ ಜಗಳ ಮಾಡಲಿಲ್ಲ. ಬಾಟಲಿಯ ಮೇಲಿದ್ದ ಬೆರಳಿನ ಗುರುತನ್ನು ಸೆರಗಿನಿಂದ ಒರೆಸಿ ಚೀಲಕ್ಕೆ ಹಾಕಿಕೊಂಡಳು. ವಿನಯಾಳಿಗೆ ತಲೆಯೆತ್ತಿ ನೋಡುವ ಧೈರ್ಯವಾಗಲಿಲ್ಲ, ನಾಚಿಕೆಯಿಂದ ಸಾಯುವ ಹಾಗಾಗಿತ್ತು.

ಬಾಗಿಲವರೆಗೆ ಹೋದ ಕುಸುಮಾವತಿ ನಿಂತಳು. ಮೇಜಿನ ತುದಿಯಲ್ಲಿದ್ದ ತಂಪು ಪಾನೀಯದ ಕೊಳಕು ಬಾಟಲಿಯನ್ನೂ, ಅದರ ಮೇಲಿದ್ದ ಹಸಿರು ಚೀಟಿಯನ್ನೂ ಸ್ವಲ್ಪ ಹೊತ್ತು ನೋಡಿದಳು.

"ಹೀಂಗಿದ್ ಬಾಟ್ಲಿಯಗೆ ತಂದ್ರೂ ಆತಿತ್ತಾ ಮೇಡಂ?"