ಒಂದೇ ಸಲ ಓಡುವ ಟೇಪು

ಕಂಪ್ಯೂಟರಿನ ಫೈಲಿನಲ್ಲಿ ಚಿಕ್ಕಮ್ಮನ ಕೆಮ್ಮು ಒಂದಿತ್ತು. ಆಮೇಲೆ, "ಮಕ್ಕಳೇ, ಕೇಳ್ತಿದೀರಾ?" ಅಲ್ಲಿಗೆ ಮುಗಿಯಿತು. ಅಕ್ಕ ಮತ್ತೊಮ್ಮೆ ಹಾಕಿದಳು. ಮತ್ತೆ ಅಷ್ಟೇ.

"ಮಿಕ್ಕಿದ್ದೆಲ್ಲ ಎಲ್ಲೋ?"

ತಮ್ಮ ತಿರುಗಿ ನೋಡಿದ. ಪಕ್ಕದ ಹಳೇ ಯಂತ್ರದಲ್ಲಿ ಟೇಪು ಪೂರ್ತಿ ಓಡಿ ನಿಂತಿತ್ತು. ಅದರ ಕೆಳಗೆಲ್ಲ ಕಂದು ಪುಡಿ. ತೇವ ಹಿಡಿದ ಟೇಪು, ಒಂದು ಸಲ ಓಡಿದರೆ ಲೇಪವೆಲ್ಲ ಉದುರಿಹೋಗುತ್ತದೆ, ಆ ಒಂದೇ ಸಲದಲ್ಲಿ ಕಂಪ್ಯೂಟರಿಗೆ ತುಂಬಿಕೊಳ್ಳಿ ಎಂದು ರಿಪೇರಿಯವನು ಹೇಳಿದ್ದ. ತಾಯಿಯಿಲ್ಲದ ಇಬ್ಬರನ್ನೂ ಸಾಕಿ ತೀರಿಹೋದ ಚಿಕ್ಕಮ್ಮನ ದನಿ ಉಳಿದಿದ್ದು ಅದೊಂದರಲ್ಲೇ. ಬೆಳಿಗ್ಗೆ ಅಕ್ಕ ಟೇಪು ಓಡಿಸಿ, ಕಂಪ್ಯೂಟರಿನಲ್ಲಿ ರೆಕಾರ್ಡರ್ ಶುರುಮಾಡುತ್ತಲೇ ಆಸ್ಪತ್ರೆಯಿಂದ ಡ್ಯೂಟಿಗೆ ಕರೆ ಬಂದಿತ್ತು. ನಡುವೆ ನಿಲ್ಲಿಸುವಂತಿಲ್ಲ. "ಸ್ವಲ್ಪ ನೋಡ್ಕೋ ಕಣೋ" ಎಂದು ಓಡಿದ್ದಳು.

ಅವನೋ ಅದೇ ಕಂಪ್ಯೂಟರಿನ ಮುಂದೆ ತನ್ನ ಕೆಲಸದಲ್ಲಿ ಮುಳುಗಿದ್ದ. ಅವನು ಬರೆಯುತ್ತಿದ್ದ ಪ್ರೋಗ್ರಾಮು ಓಡಿಸಿದಾಗಲೆಲ್ಲ ಹಿನ್ನೆಲೆಯಲ್ಲಿ ಒಂದು ರೆಕಾರ್ಡರನ್ನು ಎಬ್ಬಿಸಿ, ನಿಲ್ಲಿಸುವುದನ್ನು ಮರೆಯುತ್ತಿತ್ತು. ಹಾಗೆ ಉಳಿದವೆಲ್ಲ ಒಳಗೊಳಗೇ ಓಡುತ್ತ ಕಂಪ್ಯೂಟರಿನ ಉಸಿರು ಕಟ್ಟಿಸಿದ್ದವು. ಒಂದೊಂದನ್ನೇ ಹುಡುಕಿ ನಿಲ್ಲಿಸಲು ಬೇಸರವಾಗಿ, ಆ ಕೆಲಸವನ್ನು ತಾನೇ ಮಾಡುವ ಪುಟ್ಟ ಸ್ಕ್ರಿಪ್ಟೊಂದನ್ನು ಗೀಚಿದ: ಈ ಹೆಸರಿನಲ್ಲಿ ಓಡುತ್ತಿರುವ ಪ್ರಾಸೆಸ್ ಎಷ್ಟಿದ್ದರೂ ಹುಡುಕು, ಕೇಳದೆ ಕೊಲ್ಲು. ಸೋಮಾರಿತನಕ್ಕೆ ಜಾಣತನದ ಅಂಗಿ ತೊಡಿಸಿ ಬೀಗಿದ್ದೂ ಆಯಿತು. ಅಕ್ಕ ಶುರುಮಾಡಿದ್ದ ರೆಕಾರ್ಡರಿಗೂ ಅದೇ ಹೆಸರು. ಅದು ಸದ್ದಿಲ್ಲದೆ ಸತ್ತಿತು. ಟೇಪು ಮಾತ್ರ ತನ್ನ ಪಾಡಿಗೆ ತಾನು ತಿರುಗುತ್ತಲೇ ಇತ್ತು.

"ಅಕ್ಕಾ, ನನ್ನ ಸ್ಕ್ರಿಪ್ಟು ಅದನ್ನೂ ನಿಲ್ಲಿಸ್ಬಿಟ್ಟಿದೆ. ಯಾವುದು ನಂದು, ಯಾವುದು ನಿಂದು ಅಂತ ನಾನು ನೋಡ್ಲೇ ಇಲ್ಲ."

ಅಕ್ಕ ಬೈಯಲಿಲ್ಲ. ಬೈದಿದ್ದರೆ ಅವನ ಜೀವಕ್ಕೆ ಎಷ್ಟೋ ಹಗುರಾಗುತ್ತಿತ್ತು. ಉದುರಿದ ಪುಡಿಯನ್ನು ಸುಮ್ಮನೆ ಬೆರಳಿನಿಂದ ಒಟ್ಟುಮಾಡುತ್ತಿದ್ದವಳು ತಟ್ಟನೆ ತಲೆಯೆತ್ತಿದಳು. ಮುಖದಲ್ಲಿ ಆಸೆಯಿತ್ತು.

"ಟೇಪಿನ ಸ್ಪೀಕರ್ ಹಾಕೇ ಹೋಗಿದ್ನಲ್ಲ! ನೀನು ಇಲ್ಲೇ ಕೂತಿದ್ದೆ. ಅಷ್ಟು ಹೊತ್ತು ಮಾತಾಡಿದಾಳೆ. ಏನಂದ್ಲು ಹೇಳೋ, ನೆನಪಿದ್ದಷ್ಟೇ ಹೇಳು."

ಅವನು ಕಣ್ಣು ಮುಚ್ಚಿ ತಡಕಾಡಿದ. ಹೌದು, ಚಿಕ್ಕಮ್ಮ ಮಾತಾಡಿದ್ದಳು. ಒಮ್ಮೆ ನಕ್ಕಿದ್ದಳು. ಯಾವುದಕ್ಕೆ? ಒಂದು ಪದವೂ ಕೈಗೆ ಸಿಗಲಿಲ್ಲ.

"ನನ್ನ ಹೆಸರು ಹಿಡಿದು ಕರೆದ್ಲು, ಅಕ್ಕಾ," ಎಂದ ಕೊನೆಗೆ. "ಕೆಲಸ ಕೆಡುತ್ತೆ ಅಂತ ಎದ್ದುಹೋಗಿ ಸೌಂಡ್ ಕಮ್ಮಿ ಮಾಡ್ದೆ."